ಹಳೇ ಪೋಷಾಕು ತೊಟ್ಟ ದೊರೆಗಳು

ಇರಾನಿನ ವ್ಯಂಗ್ಯಚಿತ್ರಕಾರ ಅರ್ದೆಶೀರ್ ಮೊಹಸ್ಸೆಸ್ ಅವರ ಚಿತ್ರಗಳಲ್ಲಿ ಇಂದಿನ ಮಂತ್ರಿಯನ್ನೋ ಸೇನಾಪತಿಯನ್ನೋ ಹುಡುಕಿದರೆ ಸಿಗುವುದಿಲ್ಲ. ಸಿಗುವವರು ನೂರು ವರ್ಷ ಹಿಂದಿನ ಜನ. ಎತ್ತರದ ಟೊಪ್ಪಿಗೆ, ಪೊದೆ ಮೀಸೆ, ಸೊಂಟದಿಂದ ನಿರಿ ಬಿದ್ದ ಉದ್ದ ನಿಲುವಂಗಿ. ಫೋಟೋ ತೆಗೆಸಿಕೊಳ್ಳಲು ಸಾಲಾಗಿ ನಿಂತವರಂತೆ ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತಿರುತ್ತಾರೆ. ಎಲ್ಲವೂ ಮರ್ಯಾದಸ್ಥವಾಗಿಯೇ ಇದೆ ಎನ್ನುವಷ್ಟರಲ್ಲಿ ಒಬ್ಬನಿಗೆ ಕಾಲಿಲ್ಲದಿರುವುದು ಕಾಣುತ್ತದೆ. ಇನ್ನೊಬ್ಬನ ಕಾಲರಿನ ಮೇಲೆ ತಲೆಯೇ ಇಲ್ಲ. ಪಕ್ಕದವನಿಗೆ ಅದರ ಪರಿವೆಯಿಲ್ಲ, ತಲೆ ಕಳೆದುಕೊಂಡವನಿಗೂ ಇಲ್ಲ. ನಗಬೇಕೋ ಬೇಡವೋ ಎಂದು ನೋಡುವವರು ತಡವರಿಸುವ ಆ ಒಂದೆರಡು ಕ್ಷಣವೇ ಈ ಚಿತ್ರಕಾರರ ಕಸುಬಿನ ತಿರುಳು. ಅದನ್ನು ಅವರು ಹೇಗೆ ಕಟ್ಟುತ್ತಿದ್ದರು, ಪಾರ್ಕಿನ್ಸನ್ ಕಾಯಿಲೆ ಕೈಗೆ ಬಂದ ಮೇಲೆ ಆ ಕಟ್ಟುವಿಕೆ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅರ್ದೆಶೀರ್ ಹುಟ್ಟಿದ್ದು 1938ರಲ್ಲಿ, ಇರಾನಿನ ಉತ್ತರಕ್ಕೆ ಕ್ಯಾಸ್ಪಿಯನ್ ಸಮುದ್ರದ ಮಗ್ಗುಲಿಗಿರುವ ಗೀಲಾನ್ ಪ್ರಾಂತದಲ್ಲಿ. ಇರಾನ್ ಎಂದರೆ ಮರಳುಗಾಡು ಎಂದುಕೊಂಡವರಿಗೆ ಗೀಲಾನ್ ಬೇರೆಯೇ ದೇಶ. ಬಿಡದೆ ಸುರಿಯುವ ಮಳೆ, ಭತ್ತದ ಗದ್ದೆ, ಚಹಾ ತೋಟ, ಒಂದು ಕಾಲಕ್ಕೆ ರೇಷ್ಮೆ. ನಮಗೂ ಆ ನೆಲ ಪೂರ್ತಿ ಅಪರಿಚಿತವಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗವಾನ್ ಗೀಲಾನಿನಿಂದಲೇ ಬಂದವನು. ಯಾರೋ ಸೃಷ್ಟಿಸಿದ ಖೊಟ್ಟಿ ಪತ್ರವೊಂದನ್ನು ನಂಬಿ ಸುಲ್ತಾನ 1481ರಲ್ಲಿ ಅವನ ತಲೆ ಹಾರಿಸಿದ. ಅರ್ದೆಶೀರ್ ಚಿತ್ರ ಮಾಡಬಹುದಾಗಿದ್ದ ಪ್ರಸಂಗ!

ತಾಯಿ ಸುರೂರ್ ಮಹಕಾಮೆ ಕವಯಿತ್ರಿ, ಶಾಲೆ ನಡೆಸಿದವರು. ಹತ್ತಿರದ ಬಂಧು ಬಹಮನ್ ಮೊಹಸ್ಸೆಸ್ ಮುಂದೆ ಇರಾನಿನ ಆಧುನಿಕ ಚಿತ್ರಕಲೆ ಮತ್ತು ಶಿಲ್ಪದಲ್ಲಿ ದೊಡ್ಡ ಹೆಸರಾದರು. ಹೀಗೆ ಮನೆತನದಲ್ಲೇ ಪದ್ಯವೂ ಬಣ್ಣವೂ ಇದ್ದವು. ಊರಿನ ನೆನಪಿನಲ್ಲಿ ಇನ್ನೊಂದು ಸಂಗತಿಯಿತ್ತು. ಗೀಲಾನಿನ ಕಾಡುಗಳಲ್ಲಿ ಸೇನೆ ಕಟ್ಟಿ ಕೇಂದ್ರ ಸರ್ಕಾರದ ವಿರುದ್ಧ ದಂಗೆಯೆದ್ದಿದ್ದ ಮೀರ್ಜಾ ಕೂಚಿಕ್ ಖಾನ್ 1921ರ ಚಳಿಗಾಲದಲ್ಲಿ ಬೆಟ್ಟದ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತ. ಸತ್ತವನ ತಲೆ ಕಡಿದು ರಶ್ತ್ ಪಟ್ಟಣದಲ್ಲಿ ಜನರಿಗೆ ತೋರಿಸಲಾಯಿತು. ಇದಾಗಿ ಹದಿನೇಳು ವರ್ಷಕ್ಕೆ ಹುಟ್ಟಿದ ಹುಡುಗ ಈ ಕತೆಯನ್ನು ಕೇಳಿಕೊಂಡೇ ಬೆಳೆದಿರಬೇಕು ಎಂಬುದು ನನ್ನ ಊಹೆ. ಅವರ ಚಿತ್ರಗಳಲ್ಲಿ ತಲೆಯಿಲ್ಲದವರು ಯಾಕೆ ಅಷ್ಟೊಂದು ಮಂದಿ ಎಂದು ಕೇಳಿದರೆ ನನಗೆ ಮೊದಲು ಹೊಳೆಯುವುದು ಈ ಊಹೆಯೇ.

ಚಿತ್ರಕಲಾ ಶಾಲೆಗೆ ಅವರು ಹೋಗಲಿಲ್ಲ. ತೆಹ್ರಾನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ 1962ರಲ್ಲಿ ಪದವಿ ಪಡೆದರು. ಕೈ ಪಳಗಿದ್ದು ಪತ್ರಿಕೆಗಳಲ್ಲಿ, ಅದರಲ್ಲೂ ದೊಡ್ಡ ಪ್ರಸಾರದ ‘ಕೈಹಾನ್’ ದಿನಪತ್ರಿಕೆಯಲ್ಲಿ. 1972ರ ವೇಳೆಗೆ ಬಹಮನ್ ಮಗ್ಸೂದ್ಲೂ ಎಂಬ ನಿರ್ದೇಶಕರು ಅವರ ಬಗ್ಗೆ ಒಂದು ಕಿರುಚಿತ್ರವನ್ನೇ ತೆಗೆದರು. ಆಗ ಅರ್ದೆಶೀರ್ ವಯಸ್ಸು ಮೂವತ್ತನಾಲ್ಕು.

ಅದು ಮೊಹಮ್ಮದ್ ರೆಜಾ ಶಾ ಪಹ್ಲವಿಯ ಕಾಲ. 1953ರ ಕ್ಷಿಪ್ರಕ್ರಾಂತಿಯ ಬಳಿಕ ಗಟ್ಟಿಯಾಗಿ ಕೂತ ದೊರೆ. 1957ರಿಂದ ಅವನಿಗೊಂದು ಗುಪ್ತಚರ ಪಡೆ, ಸಾವಾಕ್. ವಿಡಂಬನೆ ಇರಾನಿಗೆ ಹೊಸದೇನಲ್ಲ. 1906ರಲ್ಲಿ ತಿಫ್ಲಿಸ್‌ನಲ್ಲಿ ಶುರುವಾದ ‘ಮುಲ್ಲಾ ನಸ್ರುದ್ದೀನ್’ ಎಂಬ ಅಜರ್‌ಬೈಜಾನಿ ವಾರಪತ್ರಿಕೆ ಗಡಿ ದಾಟಿ ಇರಾನಿಗೆ ಬರುತ್ತಿತ್ತು. ಆಮೇಲೆ ತೆಹ್ರಾನಿನಲ್ಲೇ ‘ತೌಫೀಕ್’ ಬಂತು, ಮೂರು ತಲೆಮಾರು ಓದಿ ನಕ್ಕಿತು. ಆ ‘ತೌಫೀಕ್’ ಅನ್ನೂ 1971ರಲ್ಲಿ ಸರ್ಕಾರ ಮುಚ್ಚಿಸಿತು. ಪ್ರಧಾನಿಯ ಬಗ್ಗೆ ಅಷ್ಟಿಷ್ಟು ತಮಾಷೆ ನಡೆಯುತ್ತಿತ್ತು. ದೊರೆಯ ತಂಟೆಗೆ ಮಾತ್ರ ಹೋಗುವಂತಿರಲಿಲ್ಲ.

ಇಂಥ ಕಡೆ ದೊರೆಯನ್ನೇ ಬರೆಯುವುದು ಹೇಗೆ? ಅರ್ದೆಶೀರ್ ಕಂಡುಕೊಂಡ ಉಪಾಯ ಪೋಷಾಕು.

ಪಹ್ಲವಿಗಳಿಗಿಂತ ಮೊದಲು ಇರಾನನ್ನು 1789ರಿಂದ 1925ರ ತನಕ ಆಳಿದ್ದು ಕಾಜಾರ್ ವಂಶ. ಕೊನೆಯ ಕಾಜಾರ್ ದೊರೆಯನ್ನು ಇಳಿಸಿ ಸಿಂಹಾಸನ ಏರಿದವನು ಮೊಹಮ್ಮದ್ ರೆಜಾನ ತಂದೆ ರೆಜಾ ಖಾನ್. ಹಾಗಾಗಿ ಕಾಜಾರರೆಂದರೆ ಸೋಮಾರಿಗಳು, ಲಂಚಕೋರರು, ದೇಶವನ್ನು ಪರದೇಶಿ ಕಂಪನಿಗಳಿಗೆ ಮಾರಿದವರು ಎಂಬುದು ಹೊಸ ಅರಮನೆಗೆ ಇಷ್ಟವಾದ ಪಾಠ. ಅರ್ದೆಶೀರ್ ಆ ಪಾಠವನ್ನೇ ತಿರುಗಿಸಿ ಹಿಡಿದರು. ಅವರ ದೊರೆ ಕಾಜಾರ್ ದೊರೆ, ಅವರ ಮಂತ್ರಿ ಕಾಜಾರ್ ಮಂತ್ರಿ, ಪಾಶ ಹಿಡಿದು ನಿಂತವನು ಕಾಜಾರ್ ಕಾಲದ ಕಟುಕ. ಸೆನ್ಸಾರಿನವನಿಗೆ ಇಕ್ಕಟ್ಟು. ‘ಇದು ನಮ್ಮ ದೊರೆಯೇ’ ಎಂದು ಅವನು ಆಕ್ಷೇಪ ಎತ್ತಿದರೆ, ಕ್ರೂರಿಯೂ ಹೆಡ್ಡನೂ ಆದ ಆ ಆಕೃತಿಯಲ್ಲಿ ತನ್ನ ಒಡೆಯನನ್ನು ಮೊದಲು ಗುರುತಿಸಿದವನು ತಾನೇ ಎಂದು ಒಪ್ಪಿಕೊಂಡಂತೆ. ಸುಮ್ಮನಿದ್ದರೆ ಚಿತ್ರ ಅಚ್ಚಾಗುತ್ತದೆ. ಓದುಗನಿಗಂತೂ ಅರ್ಥವಾಗಿಯೇ ಆಗುತ್ತದೆ.

ಈ ಉಪಾಯದ ಸೊಗಸು ಪೂರ್ತಿ ತಿಳಿಯಬೇಕಾದರೆ ಎದುರು ಪಕ್ಷ ಏನು ಮಾಡುತ್ತಿತ್ತು ಎಂಬುದನ್ನೂ ನೋಡಬೇಕು. 1971ರ ಅಕ್ಟೋಬರಿನಲ್ಲಿ ಶಾ ಪರ್ಸೆಪೊಲಿಸ್ ಅವಶೇಷಗಳ ನಡುವೆ ಪರ್ಷಿಯನ್ ಸಾಮ್ರಾಜ್ಯದ 2,500 ವರ್ಷದ ಉತ್ಸವ ಮಾಡಿದ. ದೇಶ ವಿದೇಶಗಳ ರಾಜರೂ ಅಧ್ಯಕ್ಷರೂ ಗುಡಾರಗಳಲ್ಲಿ ಉಳಿದರು. ಊಟ ಪ್ಯಾರಿಸ್ಸಿನಿಂದ ಬಂತು. ಸೈನಿಕರು ಪ್ರಾಚೀನ ಯುಗಗಳ ವೇಷ ಧರಿಸಿ, ಅಂಟು ಗಡ್ಡ ಕಟ್ಟಿಕೊಂಡು ಮೆರವಣಿಗೆ ಹೊರಟರು. ಅಂದರೆ ರಾಜ್ಯವೇ ವೇಷ ಹಾಕಿತ್ತು. ಅದು ಆರಿಸಿಕೊಂಡದ್ದು ಎರಡೂವರೆ ಸಾವಿರ ವರ್ಷ ಹಿಂದಿನ, ಯಾರೂ ಕಣ್ಣಾರೆ ಕಾಣದ ವೈಭವದ ವೇಷ. ಅರ್ದೆಶೀರ್ ಅದೇ ದೊರೆತನಕ್ಕೆ ಅಜ್ಜಂದಿರು ಕಂಡಿದ್ದ, ಮಾಸಿದ, ತೇಪೆ ಬಿದ್ದ ವೇಷ ತೊಡಿಸಿದರು. ಇವೆರಡರಲ್ಲಿ ಯಾವುದು ಮೈಗೆ ಸರಿಯಾಗಿ ಕೂತಿತು ಎಂಬುದಕ್ಕೆ ಎಂಟು ವರ್ಷದೊಳಗೆ ಉತ್ತರ ಬಂತು.

ಕಾಜಾರ್ ಲೋಕವನ್ನು ಅವರು ಮನಸ್ಸಿನಿಂದ ಕಲ್ಪಿಸಿ ಬರೆದದ್ದಲ್ಲ. ಅದಕ್ಕೆ ದಾಖಲೆಗಳಿದ್ದವು, ರಾಶಿ ರಾಶಿ. 1848ರಿಂದ 1896ರ ತನಕ ಆಳಿದ ನಾಸಿರುದ್ದೀನ್ ಶಾಗೆ ಫೋಟೋಗ್ರಫಿಯ ಹುಚ್ಚು. ತಾನೇ ಕ್ಯಾಮೆರಾ ಹಿಡಿಯುತ್ತಿದ್ದ. ಗುಲಿಸ್ತಾನ್ ಅರಮನೆಯಲ್ಲಿ ಅದಕ್ಕಾಗಿ ಒಂದು ವಿಭಾಗವನ್ನೇ ತೆರೆದಿದ್ದ. ಆಲ್ಬಮ್ಮುಗಳು ಇಂದಿಗೂ ಅಲ್ಲಿವೆ. ರಾಣಿವಾಸದ ಹೆಂಗಸರು, ಬೇಟೆ, ಆಸ್ಥಾನಿಕರು, ಬೆಕ್ಕು ಎಲ್ಲವನ್ನೂ ತೆಗೆದು, ಎಷ್ಟೋ ಚಿತ್ರಗಳ ಕೆಳಗೆ ತನ್ನ ಕೈಬರಹದಲ್ಲೇ ಟಿಪ್ಪಣಿ ಬರೆದಿಟ್ಟ. ಇದೇ ಯುಗದ ಫೋಟೋಗಳಲ್ಲಿ ಸಂಕೋಲೆ ತೊಟ್ಟ ಕೈದಿಗಳೂ ಇದ್ದಾರೆ. 1896ರಲ್ಲಿ ಆ ದೊರೆಯನ್ನೇ ಗುಂಡಿಟ್ಟು ಕೊಂದ ಮೀರ್ಜಾ ರೆಜಾ ಕೆರ್ಮಾನಿಯನ್ನು ನೇಣಿಗೇರಿಸುವ ಮುಂಚೆ ಸರಪಳಿ ಸಮೇತ ಕ್ಯಾಮೆರಾ ಮುಂದೆ ನಿಲ್ಲಿಸಿದ ಚಿತ್ರ ಪ್ರಸಿದ್ಧ. ಆ ಕಾಲದ ಕ್ಯಾಮೆರಾಕ್ಕೆ ಹೆಚ್ಚು ಹೊತ್ತು ಬೆಳಕು ಬೇಕು, ಆದ್ದರಿಂದ ಎಲ್ಲರೂ ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ. ದೊರೆಯ ಮುಖದಲ್ಲೂ ಕೈದಿಯ ಮುಖದಲ್ಲೂ ಒಂದೇ ಬಿಗಿ.

ಅರ್ದೆಶೀರ್ ತಮ್ಮ ವ್ಯಾಕರಣವನ್ನು ತೆಗೆದುಕೊಂಡದ್ದು ಇಲ್ಲಿಂದ. ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಏರ್ಪಾಡು ಗುಂಪು ಫೋಟೋದ್ದು. ಮುಖಗಳೆಲ್ಲ ನಮ್ಮ ಕಡೆಗೆ, ಹಿಂದೆ ದೃಶ್ಯವೇನೂ ಇಲ್ಲದ ಬಿಳಿ ಕಾಗದ. ಯಾರೂ ಕಿರುಚುವುದಿಲ್ಲ, ಯಾರೂ ಓಡುವುದಿಲ್ಲ. ಸಾಮಾನ್ಯ ವ್ಯಂಗ್ಯಚಿತ್ರಕಾರ ಹಿಂಸೆಯನ್ನು ತೋರಿಸಬೇಕಾದರೆ ಕತ್ತಿ ಬೀಸುವ ಕೈಯನ್ನು ಬರೆಯುತ್ತಾನೆ. ಇವರು ಬರೆಯುವುದು ಕತ್ತಿ ಬೀಸಿ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ನೆನಪಿನ ಫೋಟೋ. ಹಿಂಸೆ ನಡೆದದ್ದಕ್ಕಿಂತ ಅದು ಮಾಮೂಲಾಗಿಬಿಟ್ಟಿದೆ ಎಂಬುದು ನಮ್ಮನ್ನು ಹೆಚ್ಚು ಕಾಡುತ್ತದೆ.

ಗೆರೆಯ ಬಗ್ಗೆ ಒಂದು ಮಾತು. ಶಾಯಿ ಪೆನ್ನಿನ ತೆಳು ಗೆರೆ, ಅಲ್ಲಲ್ಲಿ ಕಾಗದವನ್ನು ಪರಚಿದಂತೆ. ಪೋಷಾಕಿನ ಕಸೂತಿ, ಪದಕ, ಮೀಸೆ, ಟೊಪ್ಪಿಗೆ ಇಲ್ಲೆಲ್ಲ ಗೆರೆಗಳು ಒತ್ತಾಗಿ ಗಿಜಿಗುಟ್ಟುತ್ತವೆ. ಮುಖಕ್ಕೆ ಬಂದಾಗ ಕಡಿಮೆಯಾಗುತ್ತವೆ. ಅಧಿಕಾರವೆಲ್ಲ ಬಟ್ಟೆಯಲ್ಲಿದೆ, ಒಳಗಿರುವ ಮನುಷ್ಯನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದು ಗೆರೆಯ ಸಾಂದ್ರತೆಯಿಂದಲೇ ಹೇಳಿದ ಹಾಗೆ. ನೆರಳು ಬೆಳಕಿನ ಆಟ ಅವರಿಗೆ ಬೇಕಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಇರಾನಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಕತೆ ಪುಸ್ತಕಗಳಿಗೂ ಹೀಗೆಯೇ ಕಪ್ಪು ಗೆರೆಯ ಚಿತ್ರಗಳಿರುತ್ತಿದ್ದವು. ಆ ಪುಸ್ತಕಗಳನ್ನು ಬಲ್ಲ ಇರಾನಿ ಕಣ್ಣಿಗೆ ಈ ಗೆರೆ ಅಜ್ಜಿಮನೆಯದು ಅನ್ನಿಸುತ್ತದೆ, ಹೇಳುವ ಸುದ್ದಿ ಮಾತ್ರ ಬೆಳಗಿನ ಪತ್ರಿಕೆಯದು.

ಇನ್ನು ಅಡಿಬರಹ. ನನ್ನ ಮಟ್ಟಿಗೆ ಅರ್ದೆಶೀರ್ ಅವರ ಅತ್ಯುತ್ತಮ ಕೈಚಳಕ ಇರುವುದು ಇಲ್ಲಿ. ‘ಇರಾನಿನಲ್ಲಿ ಬದುಕು’ ಎಂಬ ಸರಣಿಯನ್ನು ಅವರು 1976ರಿಂದ 1978ರ ನಡುವೆ ಮಾಡಿದರು. ಅದರ ಅಡಿಬರಹಗಳಲ್ಲಿ ಒಂದೂ ಚಟಾಕಿಯಿಲ್ಲ. ಸರ್ಕಾರಿ ಪ್ರಕಟಣೆಯ, ಜಿಲ್ಲಾ ವರದಿಗಾರನ ಸಪ್ಪೆ ಗದ್ಯ. ಅಪರಾಧಿಗೆ ಮರಣದಂಡನೆಯಾದ ದಿನವೇ ದೊರೆಯ ಜನ್ಮದಿನೋತ್ಸವವೂ ಬಂದಿತ್ತು ಎಂಬ ಅರ್ಥದ ಒಂದು ಸಾಲು. ದೊರೆ ಯಾವಾಗಲೂ ಜನರಿಗಿಂತ ಮೇಲೆಯೇ ಇರುತ್ತಾನೆ ಎಂಬ ಇನ್ನೊಂದು, 1978ರದು. ಮಾತು ತಣ್ಣಗೆ ಇದ್ದಷ್ಟೂ ಮೇಲಿನ ಚಿತ್ರ ಸುಡುತ್ತದೆ. ತಾನು ತೆಗೆದ ಫೋಟೋಗಳ ಕೆಳಗೆ ನಾಸಿರುದ್ದೀನ್ ಶಾ ಬರೆದಿಟ್ಟ ಟಿಪ್ಪಣಿಗಳ ಜೊತೆಗಿಟ್ಟು ಇವನ್ನು ಓದಿದರೆ, ಅಣಕ ಎಲ್ಲಿಂದ ಶುರುವಾಗುತ್ತದೆ ಎಂಬುದೇ ತಿಳಿಯದಷ್ಟು ಹತ್ತಿರ.

ಈ ಸರಣಿ ಬಂದದ್ದು ನ್ಯೂಯಾರ್ಕಿನಲ್ಲಿ. ಎಷ್ಟೇ ಹಳೇ ಪೋಷಾಕು ತೊಡಿಸಿದರೂ ಸಾವಾಕ್ ಕಣ್ಣಿಗೆ ಮಣ್ಣೆರಚುವುದಕ್ಕೆ ಒಂದು ಮಿತಿಯಿತ್ತು. ಎಚ್ಚರಿಕೆಗಳು ಬಂದವು. 1976ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಮರಳಿ ಹೋಗುವ ಕಾಲ ಬರಲೇ ಇಲ್ಲ. 1979ರಲ್ಲಿ ಕ್ರಾಂತಿಯಾಯಿತು, ಶಾ ಓಡಿಹೋದ. ಅವನನ್ನು ಜೀವಮಾನವಿಡೀ ಅಣಕಿಸಿದವರಿಗೆ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ಟೊಪ್ಪಿಗೆಯ ಜಾಗದಲ್ಲಿ ಮುಂಡಾಸು ಬಂತು, ಎಂಟು ವರ್ಷದ ಇರಾಕ್ ಯುದ್ಧ ಬಂತು, ಸಾಲಾಗಿ ನಿಲ್ಲುವ ಭಂಗಿ ಹಾಗೆಯೇ ಉಳಿಯಿತು. 1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರು ‘ಕ್ಲೋಸ್ಡ್ ಸರ್ಕ್ಯೂಟ್ ಹಿಸ್ಟರಿ’. ಸುತ್ತಿ ಸುತ್ತಿ ಅಲ್ಲಿಗೇ ಬರುವ ಇತಿಹಾಸ. ಕಾಜಾರ್ ಪೋಷಾಕು ಶುರುವಿನಲ್ಲಿ ಸೆನ್ಸಾರಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ನ್ಯೂಯಾರ್ಕಿನಲ್ಲಿ ಯಾವ ಸೆನ್ಸಾರೂ ಇರಲಿಲ್ಲ, ಆದರೂ ಅವರು ಅದನ್ನು ಕಳಚಲಿಲ್ಲ. ಆ ಹೊತ್ತಿಗೆ ಅದು ಉಪಾಯವಾಗಿ ಉಳಿದಿರಲಿಲ್ಲ, ಅವರ ಅಭಿಪ್ರಾಯವೇ ಆಗಿತ್ತು.

ಅಮೆರಿಕದ ಓದುಗರಿಗೆ ಅವರ ಪರಿಚಯವಿದ್ದದ್ದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂದ ಚಿತ್ರಗಳ ಮೂಲಕ. ಅಲ್ಲಿ ಕಾಜಾರರಾರು ಪಹ್ಲವಿಗಳಾರು ಎಂದು ಯಾರಿಗೆ ಗೊತ್ತು? ಹಾಗಿದ್ದೂ ಚಿತ್ರಗಳು ತಲುಪಿದವು. ಎಲ್ಲೂ ಇರಬಹುದಾದ ದೊರೆ, ಎಲ್ಲೂ ಇರಬಹುದಾದ ಕೈದಿ.

ಪಾರ್ಕಿನ್ಸನ್ ಕಾಯಿಲೆ ಗೊತ್ತಾದದ್ದು 1980ರ ದಶಕದಲ್ಲಿ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ, ಮಿದುಳಿನೊಳಗೆ ಡೋಪಮೈನ್ ತಯಾರಿಸುವ ಕೋಶಗಳು ಒಂದೊಂದಾಗಿ ಸಾಯುತ್ತವೆ. ಹೊರಗಿನವರಿಗೆ ಕಾಣುವುದು ಕೈ ನಡುಕ. ಬರೆಯುವವನ ಕಷ್ಟ ಅಷ್ಟರಲ್ಲೇ ಮುಗಿಯುವುದಿಲ್ಲ. ಈ ನಡುಕ ಕೈ ಸುಮ್ಮನೆ ತೊಡೆಯ ಮೇಲಿರುವಾಗ ಹೆಚ್ಚು, ಕೆಲಸಕ್ಕೆ ಎತ್ತಿದಾಗ ಎಷ್ಟೋ ಜನರಲ್ಲಿ ತಗ್ಗುತ್ತದೆ. ಗೆರೆಯನ್ನು ಕೊಲ್ಲುವುದು ಅದರ ಜೊತೆಗೇ ಬರುವ ಬಿಗಿತ ಮತ್ತು ನಿಧಾನ. ಗೆರೆ ಹೊರಡಬೇಕೆಂದು ಮನಸ್ಸು ಹೇಳಿದ ಎಷ್ಟೋ ಹೊತ್ತಿಗೆ ಕೈ ಹೊರಡುತ್ತದೆ. ಹೊರಟದ್ದು ಅರ್ಧದಲ್ಲೇ ಕುಗ್ಗುತ್ತದೆ. ಒಂದು ಸಾಲು ಬರೆಯಲು ಶುರು ಮಾಡಿದರೆ ಅಕ್ಷರಗಳು ಬರಬರುತ್ತಾ ಇರುವೆಯಷ್ಟಾಗುವುದು ಈ ಕಾಯಿಲೆಯ ಗುರುತುಗಳಲ್ಲೊಂದು. ಮಾತ್ರೆಗಳು ಕೆಲವು ಗಂಟೆ ಕೈಯನ್ನು ಮರಳಿ ಕೊಡುತ್ತವೆ, ಆಮೇಲೆ ಕಸಿದುಕೊಳ್ಳುತ್ತವೆ.

ಶಾಯಿ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಶತ್ರು ಬೇಕಿಲ್ಲ. ಪೆನ್ಸಿಲಾದರೆ ಅಳಿಸಬಹುದು, ಎಣ್ಣೆ ಬಣ್ಣದ ಮೇಲೆ ಮತ್ತೊಂದು ಪದರ ಬಳಿಯಬಹುದು. ಶಾಯಿ ಗೆರೆ ಒಮ್ಮೆ ಬಿದ್ದರೆ ಬಿತ್ತು. ಇಡೀ ಕಸುಬೇ ತಿದ್ದಲಾಗದ ಒಂದು ಚಲನೆಯ ಮೇಲೆ ನಿಂತಿದೆ.

ಅರ್ದೆಶೀರ್ ಕೊಲಾಜ್ ಕಡೆ ತಿರುಗಿದರು. ಕತ್ತರಿಸಿದ ಚಿತ್ರ, ಹಳೆಯ ಫೋಟೋ, ಅಚ್ಚಾದ ಕಾಗದದ ತುಂಡು, ನಡುನಡುವೆ ಕೈಗೆರೆ. ಕೈಲಾಗದವರು ಕೊನೆಗೆ ಹಿಡಿಯುವ ಸುಲಭದ ದಾರಿ ಎಂದು ಇದನ್ನು ನೋಡುವುದು ತಪ್ಪು. ಕೊಲಾಜಿನಲ್ಲಿ ನಿರ್ಧಾರದ ಜಾಗವೇ ಬದಲಾಗುತ್ತದೆ. ತುಂಡನ್ನು ಇಟ್ಟು ನೋಡಬಹುದು, ಸರಿಸಬಹುದು, ನಾಳೆ ಬೆಳಿಗ್ಗೆ ಕೈ ಮಾತು ಕೇಳುವ ಹೊತ್ತಿನಲ್ಲಿ ಮತ್ತೆ ಬಂದು ಬೇರೆ ಕಡೆ ಇಡಬಹುದು. ಗೋಂದು ಹಚ್ಚುವ ತನಕ ಏನೂ ಖಾಯಂ ಅಲ್ಲ. ಕ್ಷಣದಲ್ಲಿ ಆಗಬೇಕಿದ್ದ ಕೆಲಸವನ್ನು ದಿನಗಳ ಮೇಲೆ ಹರಡಿಕೊಳ್ಳುವ ವಿಧಾನ ಅದು. ಅದೂ ಅಲ್ಲದೆ, ಎಷ್ಟೋ ವರ್ಷ ಫೋಟೋಗಳನ್ನು ಗೆರೆಯಲ್ಲಿ ಅನುಕರಿಸಿದವರಿಗೆ ಈಗ ಫೋಟೋವನ್ನೇ ಎತ್ತಿ ಕಾಗದದ ಮೇಲಿಡುವುದು ಒಂದು ಹೆಜ್ಜೆ ಮುಂದೆ ಹೋದಂತೆಯೂ ಹೌದು. ಗೆರೆಯಲ್ಲಿ ತಲೆಯಿಲ್ಲದವನನ್ನು ಬರೆಯುತ್ತಿದ್ದರು. ಕೊಲಾಜಿನಲ್ಲಿ ಕತ್ತರಿ ನಿಜವಾಗಿ ತಲೆಯನ್ನು ಬೇರೆ ಮಾಡುತ್ತದೆ. ಆದರೂ ಹೇಳಬೇಕು, ಶಾಯಿ ಚಿತ್ರಗಳ ಬಿರುಸು ಕೊಲಾಜುಗಳಲ್ಲಿ ಎಲ್ಲ ಕಡೆ ಇಲ್ಲ. ಕಾಯಿಲೆಯಿಂದ ಕಲೆ ಹೊಸ ಎತ್ತರಕ್ಕೇರಿತು ಎಂಬ ಕತೆ ಹೇಳಲು ಹಿತ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಕಳೆದುಕೊಂಡದ್ದು ದೊಡ್ಡದೇ. ಉಳಿದುದರಲ್ಲಿ ಅವರು ಕೆಲಸ ನಿಲ್ಲಿಸಲಿಲ್ಲ.

ಇಲ್ಲೊಂದು ಇರುಸುಮುರುಸಿನ ಪ್ರಶ್ನೆಯೂ ಇದೆ. ಅಂಗ ಊನವಾದವರನ್ನು ದುಷ್ಟತನದ, ಕೊಳೆತ ಸಮಾಜದ ಸಂಕೇತ ಮಾಡುವುದು ವಿಡಂಬನೆಯ ಬಹಳ ಹಳೆಯ ಚಟ. ಕುಂಟ ಮಂತ್ರಿ, ಕುರುಡು ದೊರೆ ಎಂದೊಡನೆ ಓದುಗ ನಗಬೇಕು ಎಂಬ ನಿರೀಕ್ಷೆ. ಕೈಕಾಲಿಲ್ಲದ ಆಕೃತಿಗಳನ್ನು ಅಷ್ಟೊಂದು ಬರೆದ ಅರ್ದೆಶೀರ್ ಈ ಚಟದಿಂದ ದೂರವಿದ್ದರೇ? ಪೂರ್ತಿ ದೂರವಿದ್ದರು ಎನ್ನಲಾರೆ. ಆದರೆ ಗಮನಿಸಿ ನೋಡಿದರೆ ಅವರ ಚಿತ್ರಗಳ ಊನ ಹುಟ್ಟಿನಿಂದ ಬಂದದ್ದಲ್ಲ. ಅದು ಶಿಕ್ಷೆಯ, ಯುದ್ಧದ, ಅಪ್ಪಣೆಯ ಗಾಯ, ಯಾರೋ ಕೊಯ್ದದ್ದು. ಕೊಯ್ಯಲು ಹೇಳಿದವನ ಮೈಯಲ್ಲೂ ಅದೇ ಖಾಲಿ ಜಾಗ. ತಮ್ಮದೇ ಕೈ ಮಾತು ಕೇಳದಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಆಕೃತಿಗಳು ಬಂದಿದ್ದವು. ಆದ್ದರಿಂದ ಅವನ್ನು ಅವರ ಕಾಯಿಲೆಯ ಮುನ್ಸೂಚನೆ ಎಂದು ಓದುವುದಕ್ಕೂ ಅರ್ಥವಿಲ್ಲ. ಇರಾನಿನ ಚರಿತ್ರೆಯಲ್ಲಿ ಅದಕ್ಕೆ ಬೇಕಾದಷ್ಟು ಕಾರಣಗಳಿವೆ.

2008ರ ಬೇಸಗೆಯಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯಲ್ಲಿ ಅವರ ಸುಮಾರು 70 ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಅದನ್ನು ಹೊಂದಿಸಿದವರು ಇಬ್ಬರು ಇರಾನಿ ಕಲಾವಿದರು, ಶಿರೀನ್ ನೆಶಾತ್ ಮತ್ತು ನಿಕ್ಕಿ ನೊಜೂಮಿ. ಇಬ್ಬರೂ ಅವರಂತೆಯೇ ದೇಶ ಬಿಟ್ಟು ಬಂದವರು. ಫೋಟೋ ಮತ್ತು ಸಿನಿಮಾದಲ್ಲಿ ಜಗತ್ತಿಗೆಲ್ಲ ಗೊತ್ತಾಗಿದ್ದ ನೆಶಾತ್, ತಮ್ಮ ಹೆಸರಿನ ಬಲವನ್ನು ಇಂಗ್ಲಿಷ್ ಲೋಕ ಹೆಚ್ಚುಕಡಿಮೆ ಮರೆತಿದ್ದ ಹಿರಿಯರೊಬ್ಬರಿಗಾಗಿ ಬಳಸಿದರು. ನೊಜೂಮಿ ಅವರ ಕ್ಯಾನ್‌ವಾಸುಗಳನ್ನು ಬಲ್ಲವರಿಗೆ ಅವರು ಯಾಕೆ ಬಂದರು ಎಂದು ಹೇಳಬೇಕಿಲ್ಲ. ಅಲ್ಲಿ ಸೂಟು ತೊಟ್ಟ ಅಧಿಕಾರಸ್ಥರು ಯಾವುದೋ ಗಂಭೀರ ಕಲಾಪದ ನಡುವೆ ತುಂಡು ತುಂಡಾಗಿ ನಿಂತಿರುತ್ತಾರೆ. ಅರ್ದೆಶೀರ್ ಅವರ ಪಾಠ ಅಲ್ಲಿ ಎಣ್ಣೆ ಬಣ್ಣದಲ್ಲಿ ಮುಂದುವರಿದಿದೆ.

ಪ್ರದರ್ಶನ ಆಗಸ್ಟ್ ಮೊದಲ ವಾರ ಮುಗಿಯಿತು. ಅಕ್ಟೋಬರಿನಲ್ಲಿ ಅರ್ದೆಶೀರ್ ನ್ಯೂಯಾರ್ಕಿನಲ್ಲೇ ತೀರಿಕೊಂಡರು, ಎಪ್ಪತ್ತನೇ ವಯಸ್ಸಿನಲ್ಲಿ. ‘ಇರಾನಿನಲ್ಲಿ ಬದುಕು’ ಸರಣಿಯ ಮೂಲ ಚಿತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ, 1994ರಲ್ಲಿ ಪುಸ್ತಕವಾಗಿಯೂ ಬಂದಿವೆ. ಪುಸ್ತಕ ಕೈಗೆ ಸಿಕ್ಕವರು ಮೊದಲು ಅಡಿಬರಹವನ್ನು ಕೈಯಿಂದ ಮುಚ್ಚಿ ಚಿತ್ರವನ್ನಷ್ಟೇ ನೋಡುವುದು ಒಳ್ಳೆಯದು. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಯಾರ ಕಾಲಡಿ ಏನಿದೆ ಎಂದು ಲೆಕ್ಕ ಹಾಕಿ, ಆಮೇಲೆ ಕೈ ತೆಗೆದು ಆ ಸರ್ಕಾರಿ ಗದ್ಯವನ್ನು ಓದಬೇಕು.